ಉತ್ತರಕ್ಕೆ ಬಿಟ್ಟ ಜಾಗ

ಅವರ ಬಲಗಿವಿಯ ಮೇಲೆ ಯಾವಾಗಲೂ ಸೀಮೆಸುಣ್ಣದ ಪುಡಿ ಇರುತ್ತಿತ್ತು. ಬೆಳಿಗ್ಗೆ ಮೊದಲ ಪೀರಿಯಡ್ಡಿನಲ್ಲಿ ಒಂದು ಸಣ್ಣ ಬಿಳಿ ಗೆರೆ. ಸಂಜೆಯ ಹೊತ್ತಿಗೆ ಕಿವಿ, ಕೆಂಪು ಕಲ್ಲಿನ ಓಲೆ, ಅದರ ಹಿಂದಿನ ನರೆಗೂದಲು ಎಲ್ಲವೂ ಬೆಳ್ಳಗಾಗಿರುತ್ತಿದ್ದವು. ಶಾಲೆ ಇದ್ದದ್ದು ರಾಯಪುರಂನಲ್ಲಿ, ಬಂದರಿಗೆ ಹೋಗುವ ಕಂಟೇನರ್ ಲಾರಿಗಳು ಸಾಲುಗಟ್ಟಿ ನಿಲ್ಲುವ ರಸ್ತೆಯಲ್ಲಿ. ಒಂದು ಲಾರಿಯವನು ಹಾರ್ನ್ ಹೊಡೆದರೆ ಹಿಂದಿನವರೆಲ್ಲ ಹೊಡೆಯುತ್ತಿದ್ದರು. ಆ ಗದ್ದಲದಲ್ಲಿ ಮೂಲೆಯ ಬೆಂಚಿನ ಮಗುವೊಂದು ಮೆಲ್ಲಗೆ ಏನಾದರೂ ಹೇಳಿದರೆ ಅವರು ಸೀಮೆಸುಣ್ಣ ಹಿಡಿದ ಕೈಯನ್ನೇ ಕಿವಿಗೆ ಆನಿಸಿಕೊಂಡು, ಅರ್ಧ ಬಗ್ಗಿ ನಿಲ್ಲುತ್ತಿದ್ದರು. ಮನೆಗೆ ಹೊರಡುವಾಗ ಮುಖ ತೊಳೆಯುತ್ತಿದ್ದರು, ಕಿವಿಯನ್ನು ಮಾತ್ರ ಮರೆಯುತ್ತಿದ್ದರು.

ಬಿ.ಎಡ್. ಓದುತ್ತಿದ್ದ ನನ್ನನ್ನು ಬೋಧನಾಭ್ಯಾಸಕ್ಕೆಂದು ಅವರ ಕೈಕೆಳಗೆ ಹಾಕಿದ್ದರು. ಅವರು ಆರನೇ ತರಗತಿಯ ಗಣಿತದ ಟೀಚರ್. ಮಕ್ಕಳಿಗೆ ಮಿಸ್, ಹಾಗಾಗಿ ನನಗೂ ಮಿಸ್. ನಾನು ಮಂಡ್ಯದ ಕಡೆಯವಳು. ಗಂಡನಿಗೆ ಮಣಲಿಯ ಕಾರ್ಖಾನೆಯಲ್ಲಿ ಕೆಲಸವಾದ್ದರಿಂದ ಮದುವೆಯಾದ ಮೇಲೆ ಚೆನ್ನೈಗೆ ಬಂದೆ. ನನ್ನ ತಮಿಳು ತರಕಾರಿ ಕೊಳ್ಳುವ ಮಟ್ಟದ್ದು. ಅವರದಾದರೋ ತಲೆಮಾರುಗಳಿಂದ ಮದ್ರಾಸಿನಲ್ಲೇ ಬೇರುಬಿಟ್ಟ ವೈಷ್ಣವರ ಮನೆ. ಅಜ್ಜ ಪ್ಯಾರೀಸ್ ಕಾರ್ನರಿನ ಯಾವುದೋ ಕಂಪನಿಯಲ್ಲಿ ಗುಮಾಸ್ತರಾಗಿದ್ದರಂತೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು ಎಂದು ಅವರೇನೋ ಹೇಳುತ್ತಿದ್ದರು. ನನ್ನ ಕಿವಿಗೆ ಬೀಳುತ್ತಿದ್ದದ್ದು ಎರಡೂ ಒಂದೇ ತಟ್ಟೆಯಲ್ಲಿ ಕಲಸಿದ ಮಾತು. "ಮಂಡ್ಯನಾ? ಪರವಾಯಿಲ್ಲೆ, ನಮ್ಮವಳೇ ಆಯ್ತು," ಎಂದರು ಮೊದಲ ದಿನ. "ಊಟ ತಂದಿದ್ದೀಯಾ? ಇಲ್ಲೇಂದ್ರೆ ನನ್ನ ಡಬ್ಬೀಲಿ ಮೊಸರನ್ನ ಇದೆ, ಕೂತ್ಕೋ."

ಪ್ರತಿ ಪಾಠದಲ್ಲೂ ಇಂಟರ್ನೆಟ್ ಬಳಸಬೇಕು, ಮಕ್ಕಳು ನೋಡಿ ಕಲಿಯಬೇಕು ಎಂದು ನಮ್ಮ ಕಾಲೇಜಿನಲ್ಲಿ ತಲೆಗೆ ತುಂಬಿ ಕಳಿಸಿದ್ದರು. ನಾನು ಅದನ್ನು ಎರಡು ಕೈ ಚಾಚಿ ಒಪ್ಪಿಕೊಂಡಿದ್ದೆ. ಕಾರಣ ತಂತ್ರಜ್ಞಾನದ ಮೇಲಿನ ಪ್ರೀತಿಯಲ್ಲ, ಭಯ. ಮಕ್ಕಳ ಮುಂದೆ ನಿಂತರೆ ನನ್ನ ಗಂಟಲು ಒಣಗುತ್ತಿತ್ತು. ಪ್ರಶ್ನೆ ಕೇಳಿದ ಮೇಲೆ ತರಗತಿ ಸುಮ್ಮನಾದರೆ ಆ ನಿಶ್ಶಬ್ದವನ್ನು ತಡೆದುಕೊಳ್ಳಲಾಗದೆ ಉತ್ತರವನ್ನೂ ನಾನೇ ಹೇಳಿಬಿಡುತ್ತಿದ್ದೆ. ವಿಡಿಯೋ ಹಾಕಿದರೆ ಆ ತಾಪತ್ರಯವಿಲ್ಲ. ಕಿಟಕಿ ಮುಚ್ಚಿ, ದೀಪ ಆರಿಸಿ, ಗೋಡೆಗೆ ಒರಗಿ ನಿಲ್ಲಬಹುದು. ಇದು ನನ್ನಿಂದಾಗುವ ಕೆಲಸವಲ್ಲ, ಕೋರ್ಸು ಬಿಟ್ಟುಬಿಡುತ್ತೇನೆ ಎಂದು ಗಂಡನ ಹತ್ತಿರ ಎಷ್ಟೋ ಸಲ ಹೇಳಿದ್ದೆ.

ನನ್ನ ಮೊದಲ ಪಾಠಕ್ಕೆ ಬಣ್ಣಬಣ್ಣದ ಚಿತ್ರ, ಸಂಗೀತ ಎಲ್ಲ ಸೇರಿಸಿಕೊಂಡು ಹೋಗಿದ್ದೆ. ಮಿಸ್ ಕೊನೆಯ ಬೆಂಚಿನಲ್ಲಿ ಮಕ್ಕಳ ಜೊತೆ ಕೂತು ನೋಡಿದರು. ಆಮೇಲೆ ಸ್ಟಾಫ್ ರೂಮಿನಲ್ಲಿ, ಬಹಳ ಚೆನ್ನಾಗಿ ಮಾಡಿದ್ದೀಯ ಎಂದು ಹೊಗಳಿದರು. ಹೊಗಳಿ, ಡಬ್ಬಿಯ ಮುಚ್ಚಳ ತೆಗೆಯುತ್ತಾ ಕೇಳಿದರು: "ನೀನು ಎಲ್ಲಿದ್ದೆ?"

ಗೋಡೆ ಹತ್ತಿರ ಇದ್ದೆ ಮಿಸ್, ಎಂದೆ. "ಅಯ್ಯೋ, ನಾನು ನೋಡಲೇ ಇಲ್ವೇ," ಎಂದು ನಕ್ಕರು.

ಅವರೇನು ಹೊಸದೆಂದರೆ ಮೂಗು ಮುರಿಯುವವರಲ್ಲ. ಕೊರೋನಾ ಕಾಲದಲ್ಲಿ ಶಾಲೆ ಮುಚ್ಚಿದಾಗ, ಫೋನಿನಲ್ಲಿ ಪಾಠ ಮಾಡುವುದನ್ನು ಎಲ್ಲರಿಗಿಂತ ಮೊದಲು ಕಲಿತವರು ಅವರೇ ಎಂದು ಉಳಿದ ಟೀಚರುಗಳು ಹೇಳುತ್ತಿದ್ದರು. ಆಗಲೂ ಮಗುವಿನ ಹೆಸರು ಕರೆದು ಪ್ರಶ್ನೆ ಕೇಳಿ ಕಾಯುತ್ತಿದ್ದರಂತೆ. ಪರದೆಯ ಮೇಲೆ ಮಿಸ್ ಅಲುಗಾಡದೆ ಕೂತಿರುವುದನ್ನು ನೋಡಿ, ನೆಟ್ ಹೋಯಿತೆಂದುಕೊಂಡು ಎಷ್ಟೋ ಮನೆಗಳಲ್ಲಿ ಫೋನ್ ಆಫ್ ಮಾಡಿ ಆನ್ ಮಾಡುತ್ತಿದ್ದರಂತೆ. ಇದನ್ನು ಹೇಳಿಕೊಂಡು ಅವರೇ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

ಕಾಯುವುದು ಅವರ ಪಾಠದ ಪದ್ಧತಿಯಾಗಿತ್ತು. ಉತ್ತರ ಬಂದ ಮೇಲೂ ಸರಿ ಅಥವಾ ತಪ್ಪು ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ. "ಎಪ್ಪಡಿ?" ಎನ್ನುತ್ತಿದ್ದರು, ಹೇಗೆ ಅಂತ. ಸರಿ ಉತ್ತರಕ್ಕೂ ಎಪ್ಪಡಿ, ತಪ್ಪು ಉತ್ತರಕ್ಕೂ ಎಪ್ಪಡಿ. ಮುಖ ನೋಡಿ ಕಂಡುಹಿಡಿಯೋಣವೆಂದರೆ ಮುಖದಲ್ಲೂ ಸುಳಿವಿಲ್ಲ. ಹೇಗೆ ಬಂತೆಂದು ವಿವರಿಸುತ್ತಾ ವಿವರಿಸುತ್ತಾ ಮಗು ತಾನೇ ನಾಲಿಗೆ ಕಚ್ಚಿಕೊಂಡು ತಿದ್ದಿಕೊಳ್ಳುತ್ತಿತ್ತು. ಜಾಣ ಮಕ್ಕಳಿಗೆ ಇದರಿಂದ ಬಹಳ ಸಿಟ್ಟು. ಕಿಟಕಿಯ ಪಕ್ಕದ ಬೆಂಚಿನಲ್ಲಿ ಮಾತು ತೊದಲುವ ಹುಡುಗಿಯೊಬ್ಬಳಿದ್ದಳು. ಅವಳ ಮೊದಲ ಅಕ್ಷರ ಹೊರಬೀಳುವವರೆಗೆ ಮಿಸ್ ಕಿವಿಗೆ ಕೈಯಿಟ್ಟು ನಿಂತಿರುತ್ತಿದ್ದರು, ಬೇರೆ ಯಾರಾದರೂ ಬಾಯಿ ಹಾಕಿದರೆ ಕಣ್ಣಲ್ಲೇ ಗದರುತ್ತಿದ್ದರು.

ನನಗೂ ಒಂದು ದಿನ ಪೂಜೆಯಾಯಿತು. "ಪ್ರಶ್ನೆನೂ ನಿಂದೇ, ಉತ್ತರಾನೂ ನಿಂದೇ. ಆ ಮಕ್ಕಳು ಬೆಳಿಗ್ಗೆ ಎದ್ದು ಯಾಕಮ್ಮಾ ಸ್ಕೂಲಿಗೆ ಬರ್ಬೇಕು?" ಎಂದರು. ನನ್ನ ಮುಖ ಸಪ್ಪಗಾದದ್ದನ್ನು ನೋಡಿ ದನಿ ಇಳಿಸಿದರು. "ತಮಿಳು ಬರುತ್ತೆ, ಅದೇನು ದೊಡ್ಡದಲ್ಲ. ಕೇಳಿ ಸುಮ್ನೆ ನಿಂತ್ಕೊಳ್ಳೋದನ್ನ ಕಲಿ. ಅದು ಬರಲಿಲ್ಲಾಂದ್ರೆ ಟೀಚರ್ ಆಗೋದು ಕಷ್ಟ ಕಣೇ."

ಆ ವರ್ಷದ ಕೊನೆಯ ಹೊತ್ತಿಗೆ ಅವರ ಕತ್ತಿನಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ದನಿ ಒಡೆಯತೊಡಗಿತು. ರಜೆಯಲ್ಲಿ ಆಪರೇಷನ್, ದನಿ ಮೊದಲಿನಂತಾಗುತ್ತದೋ ಇಲ್ಲವೋ ಹೇಳಲಾಗದು ಎಂದಿದ್ದಾರೆ ಡಾಕ್ಟರು, ಎಂದು ಬಸ್ಸಿನ ರೂಟು ಬದಲಾದ ಸುದ್ದಿ ಹೇಳಿದಂತೆ ಹೇಳಿದರು. ಜೂನ್‌ನಲ್ಲಿ ತಾನು ಬರುವುದು ತಡವಾದರೆ ಹೊಸ ಆರನೇ ತರಗತಿಗೆ ಗಣಿತಕ್ಕೆ ಯಾರೂ ಇರುವುದಿಲ್ಲ. ಅದಕ್ಕೆ ಮೊದಲಿನ ಕೆಲವು ಪಾಠಗಳನ್ನು ನಿನ್ನ ಫೋನಿನಲ್ಲಿ ರೆಕಾರ್ಡ್ ಮಾಡಿ ಇಡು ಎಂದು ಕೇಳಿಕೊಂಡರು.

ಶಾಲೆ ಬಿಟ್ಟ ಮೇಲೆ ಖಾಲಿ ತರಗತಿಯಲ್ಲಿ ಫೋನ್ ನಿಲ್ಲಿಸಿದೆ. ಅವರು ಕಪ್ಪುಹಲಗೆಯ ಮುಂದೆ ನಿಂತು, ಬೆಂಚುಗಳ ಕಡೆ ನೋಡಿ "ಗುಡ್ ಮಾರ್ನಿಂಗ್" ಎಂದು ಸುಮ್ಮನಾದರು. ಮುಂದಿನ ಮಾತು ಮರೆತರೇನೋ ಎಂದುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ "ಉಕ್ಕಾರುಂಗ" ಎಂದರು, ಕೂತುಕೊಳ್ಳಿ ಅಂತ. ಪಾಠ ಶುರುವಾಯಿತು. ಪ್ರಶ್ನೆ ಕೇಳಿ ಒಂದು ಬೆಂಚಿನ ಕಡೆ ನೋಡುವರು, ಕಾಯುವರು, ತಲೆಯಾಡಿಸುವರು, "ಸರಿ" ಎನ್ನುವರು. ಇನ್ನೊಂದು ಬೆಂಚಿಗೆ ಇನ್ನಷ್ಟು ಹೊತ್ತು. ಕಿಟಕಿಯ ಪಕ್ಕಕ್ಕೆ ಎಲ್ಲಕ್ಕಿಂತ ಹೆಚ್ಚು ಹೊತ್ತು, ಅರ್ಧ ಬಗ್ಗಿ, ಕಿವಿಗೆ ಕೈಯಿಟ್ಟು. ನನ್ನ ಬೆನ್ನ ಹಿಂದೆ ಯಾರೂ ಇಲ್ಲವೆಂದು ಗೊತ್ತಿತ್ತು. ಆದರೂ ನಾನು ತಿರುಗಿ ನೋಡಿದೆ. ಆ ತೊದಲುವ ಹುಡುಗಿ ಅಲ್ಲಿ ಎದ್ದು ನಿಂತು ಉತ್ತರ ಹೇಳಿ ಮುಗಿಸುವುದನ್ನು ಅವರು ನಿಜವಾಗಿಯೂ ಕೇಳಿಸಿಕೊಳ್ಳುತ್ತಿದ್ದರು.

ವಿಡಿಯೋದಲ್ಲಿ ಇಷ್ಟು ಉದ್ದದ ಮೌನ ಇರಬಾರದು, ಕತ್ತರಿಸಲೇ ಎಂದು ಕೇಳಿದೆ. "ಅದನ್ನ ಮುಟ್ಬೇಡ," ಎಂದರು. "ಅದು ಮಕ್ಕಳ ಜಾಗ." ಹಾಗಾದರೆ ಎಪ್ಪಡಿ ಎಂದು ಯಾಕೆ ಕೇಳಲಿಲ್ಲ, ಬರೀ ಸರಿ ಎಂದಿರಲ್ಲ ಎಂದೆ. ಅವರು ಕೈಯ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟರು.

"ಎಪ್ಪಡೀಂತ ಕೇಳಿದ್ರೆ, ಮಗು ಹೇಳೋದನ್ನ ಕೇಳಿಸ್ಕೊಳ್ಳೋಕೆ ನಾನಿರ್ಬೇಕಲ್ಲಮ್ಮಾ," ಎಂದರು.

ಆಪರೇಷನ್ ಆದ ಮೇಲೆ ಒಮ್ಮೆ ಆಸ್ಪತ್ರೆಗೆ ಹೋಗಿದ್ದೆ. ಮಾತು ಹೊರಡುತ್ತಿರಲಿಲ್ಲ. ನನ್ನ ಕೈ ಹಿಡಿದುಕೊಂಡು, ನೀನೇ ಮಾತಾಡು ಎಂದು ಸನ್ನೆ ಮಾಡಿದರು. ನಾನು ಮಂಡ್ಯದ ಬಿಸಿಲು, ಅತ್ತೆಯ ಮಂಡಿನೋವು, ಏನೇನೋ ಹೇಳಿದೆ, ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಸೋಂಕಾಯಿತು, ಜ್ವರ ಇಳಿಯಲಿಲ್ಲ. ಮೇ ತಿಂಗಳ ಒಂದು ಬೆಳಿಗ್ಗೆ ಸುದ್ದಿ ಬಂತು. ಅವರ ಮನೆಗೆ ಹೋದಾಗ ನಡುಮನೆಯಲ್ಲಿ ಮಲಗಿಸಿದ್ದರು. ಸ್ನಾನ ಮಾಡಿಸಿ, ತಲೆ ಬಾಚಿ, ಹೂವು ಮುಡಿಸಿದ್ದರು. ಕಿವಿ ತೊಳೆದಿದ್ದರು, ಒಂದು ಚೂರೂ ಬಿಳಿ ಇರಲಿಲ್ಲ. ಅಲ್ಲಿಯವರೆಗೆ ಬಾರದ ಅಳು ಅದನ್ನು ನೋಡಿದ ಮೇಲೆ ಬಂತು.

ಜೂನ್‌ನಲ್ಲಿ ಎರಡನೇ ವರ್ಷದ ಅಭ್ಯಾಸಕ್ಕೆ ನನ್ನನ್ನು ಮತ್ತೆ ಅದೇ ಶಾಲೆಗೆ ಹಾಕಿದರು. ಆರನೇ ತರಗತಿಗೆ ಬೇರೆ ಶಾಲೆಗಳಿಂದ ಬಂದ ಹೊಸ ಮಕ್ಕಳು. ಗಣಿತದ ಜಾಗ ಖಾಲಿ ಇತ್ತು. ಹೊಸಬರು ಬರುವವರೆಗೆ ಆ ವಿಡಿಯೋಗಳನ್ನೇ ಹಾಕು, ಟೀಚರ್ ಹೋದ ವಿಷಯ ಹೇಳಿ ಮಕ್ಕಳನ್ನು ಹೆದರಿಸಬೇಡ ಎಂದರು ಹೆಡ್‌ಮಿಸ್ಟ್ರೆಸ್. ನಿಜ ಹೇಳಬೇಕೆಂದರೆ ನನಗೆ ಹಾಯೆನಿಸಿತು. ಮತ್ತೆ ಗೋಡೆ ಸಿಕ್ಕಿತಲ್ಲ.

ಮೊದಲ ದಿನ, ಇಂಟರ್ನೆಟ್ಟಿಗೆ ಏರಿಸಿಟ್ಟಿದ್ದ ವಿಡಿಯೋ ತೆರೆದಾಗ ಪರದೆಯ ಮೇಲೆ ಮೊದಲು ಒಡವೆ ಅಂಗಡಿಯ ಜಾಹೀರಾತು ಬಂದು ಹೋಯಿತು. ಆಮೇಲೆ ಅವರು ಬಂದರು. "ಗುಡ್ ಮಾರ್ನಿಂಗ್" ಎಂದರು. ಇಡೀ ತರಗತಿ ದಡದಡನೆ ಎದ್ದು ರಾಗವಾಗಿ ಗುಡ್ ಮಾರ್ನಿಂಗ್ ಹೇಳಿತು. ಹೇಳಿ ಮುಗಿಯುವುದಕ್ಕೂ "ಉಕ್ಕಾರುಂಗ" ಎನ್ನುವುದಕ್ಕೂ ಸರಿಹೋಯಿತು. ಮಕ್ಕಳು ಕೂತರು.

ಈ ಮಕ್ಕಳು ಅಕ್ಷರ ಕಲಿತದ್ದೇ ಕೊರೋನಾ ಕಾಲದಲ್ಲಿ, ಅಮ್ಮನ ಫೋನಿನ ಮುಂದೆ ಕೂತು. ಪರದೆಯ ಮೇಲೆ ಟೀಚರ್ ಕಂಡರೆ, ಅವರು ಎಲ್ಲೋ ಒಂದು ಮನೆಯಲ್ಲಿ ಕೂತು ತಮ್ಮನ್ನು ನೋಡುತ್ತಿದ್ದಾರೆ ಎಂದೇ ಅವರ ಲೆಕ್ಕ. ಪಾಠ ಮುಗಿದಾಗ ಕೈ ಬೀಸುತ್ತಿದ್ದರು. "ಜನ್ನಲ್ ಪಕ್ಕ ಕೂತವರು ಹೊರಗೆ ನೋಡಬೇಡಿ" ಎಂದು ಮಿಸ್ ತಮಿಳಿನಲ್ಲಿ ಗದರಿದರೆ ಕಿಟಕಿಯ ಹತ್ತಿರದ ಮಗು ಬೆಚ್ಚಿ ನೆಟ್ಟಗೆ ಕೂರುತ್ತಿತ್ತು. ಮಿಸ್ ಎಲ್ಲಿದ್ದಾರೆ ಎಂದು ಒಬ್ಬ ಕೇಳಿದ. ದೂರ ಇದ್ದಾರೆ ಎಂದೆ, ಅಷ್ಟಕ್ಕೇ ಒಪ್ಪಿಕೊಂಡ. ಮಿಸ್ ಹಳೆಯ ಮಕ್ಕಳಿಗಾಗಿ ಕಾಯುತ್ತಿದ್ದರು, ಹೊಸ ಮಕ್ಕಳು ಉತ್ತರ ಕೊಡುತ್ತಿದ್ದರು, ನಾನು ಇವರಿಬ್ಬರ ನಡುವೆ ನಿಂತಿರುತ್ತಿದ್ದೆ. ಮನೆಯಲ್ಲಿ ಅಕ್ಕಿ ತೊಳೆಯುವಾಗಲೂ ಅವರ "ಸರಿ" ಕಿವಿಯಲ್ಲಿ ಕೇಳುತ್ತಿತ್ತು. ಯಾರಿಗೆ ತಲೆಯಾಡಿಸುತ್ತಿದ್ದೀ ಎಂದು ಗಂಡ ಕೇಳಿದರೆ ಏನು ಹೇಳಲಿ?

ಭಿನ್ನರಾಶಿಯ ಪಾಠ ಬಂತು. ಮೂರನೇ ಒಂದು, ನಾಲ್ಕನೇ ಒಂದು, ಇವೆರಡರಲ್ಲಿ ಯಾವುದು ದೊಡ್ಡದು? ಮಿಸ್ ಕಿಟಕಿಯ ಕಡೆ ನೋಡಿ ಕಿವಿಗೆ ಕೈಯಿಟ್ಟರು. ಈ ವರ್ಷ ಅಲ್ಲಿ ಕೂರುತ್ತಿದ್ದವಳು ಮೀನುಗಾರರ ಮನೆಯ ಒಬ್ಬ ಹುಡುಗಿ. ಅದುವರೆಗೆ ತರಗತಿಯಲ್ಲಿ ಬಾಯಿ ಬಿಟ್ಟವಳಲ್ಲ. ಅಷ್ಟು ಹೊತ್ತು ಯಾರಾದರೂ ತನ್ನನ್ನೇ ನೋಡುತ್ತಾ ಕಾದರೆ ಎಂಥವರಿಗೂ ಧೈರ್ಯ ಬರುತ್ತದೆ. ಅವಳು ಎದ್ದು ನಿಂತು, ನಾಲ್ಕನೇ ಒಂದು ದೊಡ್ಡದು ಎಂದಳು. ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ, ಪ್ರತಿ ವರ್ಷ ಮಕ್ಕಳು ಎಡವುವುದು ಅಲ್ಲೇ.

ಮಿಸ್ ಮುಖವರಳಿಸಿ ನಕ್ಕರು. "ಸರಿ. ರೊಂಬ ಸರಿ," ಎಂದರು.

ಹುಡುಗಿ ಸಂಭ್ರಮದಿಂದ ಸುತ್ತ ನೋಡಿದಳು. ಉಳಿದವರು ತಾವು ಬರೆದದ್ದನ್ನು ರಬ್ಬರಿನಲ್ಲಿ ಅಳಿಸತೊಡಗಿದರು. ಸರಿಯಾಗಿ ಬರೆದವರೂ ಅಳಿಸಿದರು, ಮಿಸ್ಸೇ ಹೇಳಿದ ಮೇಲೆ ಇನ್ನೇನು? ಬದುಕಿದ್ದಾಗ ಒಂದು ಮಗುವಿಗೂ ಹೀಗೆ ಮಾಡದವರ ಬಾಯಲ್ಲಿ ನಾವು ಇದನ್ನು ಮಾಡಿಸುತ್ತಿದ್ದೆವು. ಓಡಿಹೋಗಿ ವಿಡಿಯೋ ನಿಲ್ಲಿಸಿದೆ. ಪರದೆಯ ಮೇಲೆ ಅವರ ಬಾಯಿ ಅರ್ಧ ತೆರೆದು ನಿಂತಿತು.

ಎಲ್ಲರೂ ನನ್ನ ಕಡೆ ತಿರುಗಿದರು. ನಾಲ್ಕನೇ ಒಂದು ದೊಡ್ಡದು ಎಂದು ನಿನಗೆ ಹೇಗೆ ಅನ್ನಿಸಿತು ಎಂದು ನನ್ನ ಹರಕುಮುರುಕು ತಮಿಳಿನಲ್ಲಿ ಕೇಳಿದೆ. ಹುಡುಗಿಯ ಮುಖ ಬಾಡಿತು. ಅವಳು ನನ್ನನ್ನು ಬಿಟ್ಟು ಪರದೆಯನ್ನು ನೋಡಿದಳು. ಮಿಸ್ ಸರಿ ಅಂದರಲ್ಲ, ನಾನು ಹೇಳಿದ್ದು ಅವರಿಗೆ ಕೇಳಿಸಲಿಲ್ಲವಾ ಎಂದಳು.

ಹೆಡ್‌ಮಿಸ್ಟ್ರೆಸ್ ಹೇಳಿದ್ದು ನೆನಪಿತ್ತು. ಆದರೆ ಆ ಮುಖ ನೋಡಿಕೊಂಡು ಇನ್ನೊಂದು ಸುಳ್ಳು ಹೇಳಲಾಗಲಿಲ್ಲ. ಕೇಳಿಸಲಿಲ್ಲಮ್ಮಾ, ಎಂದೆ. ಮಿಸ್ ಬೇಸಿಗೆಯಲ್ಲಿ ತೀರಿಕೊಂಡರು, ಅದಕ್ಕೂ ಮೊದಲು ನಿಮಗೋಸ್ಕರ ಇದನ್ನು ಮಾಡಿಟ್ಟು ಹೋದರು, ನೀವು ಹೇಳುವ ಉತ್ತರಕ್ಕೆ ಜಾಗ ಬಿಟ್ಟು ಹೋದರು ಎಂದೆ. ಯಾರೂ ಅಳಲಿಲ್ಲ. ಹಿಂದಿನ ಬೆಂಚಿನ ಒಬ್ಬ, ದಿನಾ ಕೈ ಬೀಸುತ್ತಿದ್ದವನು, ತನ್ನ ಕೈಯನ್ನು ನೋಡಿಕೊಂಡ. ಹೊರಗೆ ಲಾರಿಗಳು ಹಾರ್ನ್ ಹೊಡೆಯುತ್ತಲೇ ಇದ್ದವು. ಆ ಹುಡುಗಿ ಮಾತ್ರ ಕೂರದೆ ನಿಂತೇ ಇದ್ದಳು.

"ಅಪ್ಪೊ ಉಂಗ ಕಿಟ್ಟ ಸೊಲ್ಲಟ್ಟುಮಾ ಮಿಸ್?" ಎಂದಳು. ಹಾಗಾದರೆ ನಿಮ್ಮ ಹತ್ತಿರ ಹೇಳಲಾ ಅಂತ.

ಹೇಳು ಎಂದೆ. ಅವಳ ಬೆಂಚಿನ ಪಕ್ಕಕ್ಕೆ ಹೋಗಿ ನಿಂತೆ. ಅವಳು ಗಾಳಿಯಲ್ಲಿ ಬೆರಳಿಂದ ಏನನ್ನೋ ಮೂರು ಭಾಗ ಮಾಡಿದಳು, ಮತ್ತೆ ನಾಲ್ಕು ಭಾಗ ಮಾಡಿದಳು, ಅಲ್ಲೇ ತಡೆದಳು. ತರಗತಿಯಲ್ಲಿ ಯಾರೂ ಮಿಸುಕಲಿಲ್ಲ. ಉತ್ತರ ನನ್ನ ನಾಲಿಗೆಯ ತುದಿಗೇ ಬಂದು ಕೂತಿತ್ತು. ನಾನು ಹೇಳಲಿಲ್ಲ.