ಗಂಡನ ಹೆಸರು ಹೇಳಿದ ದಿನ

“ಗಂಡನ ಹೆಸರು ನೀವೇ ಹೇಳ್ಬೇಕಮ್ಮ. ಅಣ್ಣ ಹೇಳಿದ್ರೆ ನಡೆಯಲ್ಲ,” ಎಂದರು ಕೊಪ್ಪದ ಅಮಲ್ದಾರರು. ನಾನು ತಲೆ ತಗ್ಗಿಸಿದೆ. ಮದುವೆಯಾಗಿ ಮೂರು ವರ್ಷವಾಗಿದ್ದರೂ ಆ ಹೆಸರು ನನ್ನ ಬಾಯಿಂದ ಬಂದಿರಲಿಲ್ಲ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಆ ದಿನಗಳಲ್ಲಿ ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ.

ನಮ್ಮವರು ಆಫ್ರಿಕಾದ ಮೊಂಬಾಸದಲ್ಲಿ ರೈಲ್ವೆಯ ಬಡಗಿಯಾಗಿದ್ದರು. ನನ್ನನ್ನು ಕರೆಸಿಕೊಳ್ಳಲು ಅವರು ಅಲ್ಲಿಂದ ಕಾಗದ ಕಳಿಸಿ ಒಂದೂವರೆ ವರ್ಷವಾಗಿತ್ತು. ಇಲ್ಲಿ ಪಾಸ್‌ಪೋರ್ಟಿನ ಅರ್ಜಿ ಬರೆದ ಅಣ್ಣ, ಊರವರೆಲ್ಲ ಕರೆಯುವಂತೆ ಅವರ ಹೆಸರನ್ನು ‘ಪುಟ್ಟಯ್ಯ’ ಎಂದು ಬರೆದಿದ್ದ. ಅವರ ಕಾಗದದಲ್ಲಿದ್ದ ಹೆಸರು ಬೇರೆ. ಹಾಗಾಗಿ ಅರ್ಜಿ ಬೆಂಗಳೂರಿನಿಂದ ಎರಡು ಸಲ ವಾಪಸು ಬಂದಿತ್ತು; ಈಗ ಅಮಲ್ದಾರರ ಮುಂದೆ ನಾನೇ ಹೇಳಿಕೆ ಕೊಡಬೇಕಾಗಿತ್ತು. ಗಂಡ ಇವಳನ್ನು ಬಿಟ್ಟೇಬಿಟ್ಟಿದ್ದಾನೆ ಎಂದು ನಮ್ಮೂರು ಕಮ್ಮರಡಿಯಲ್ಲಿ ಮಾತು ಹುಟ್ಟಿತ್ತು.

ಬಾಗಿಲ ಬಳಿ ನಿಂತಿದ್ದ ಅಣ್ಣ, “ಹೇಳಿಬಿಡೇ ಮಾರಾಯ್ತಿ, ಇಲ್ದಿದ್ರೆ ಇನ್ನೊಂದು ವರ್ಷ ಇಲ್ಲೇ ಇರ್ತೀಯ,” ಎಂದು ಪಿಸುಗುಟ್ಟಿದ.

ಕಣ್ಣು ಮುಚ್ಚಿ “ವೆಂಕಟರಮಣ” ಎಂದೆ. ಗುಮಾಸ್ತರು ಲೇಖನಿಯನ್ನು ಮಸಿಗೆ ಅದ್ದುವಷ್ಟರಲ್ಲಿ, ಕೇಳಿಸಲಿಲ್ಲವೇನೋ ಎಂದು ಹೆದರಿ ಇನ್ನೂ ಗಟ್ಟಿಯಾಗಿ ಹೇಳಿದೆ. ಅಮಲ್ದಾರರು ನಗಲಿಲ್ಲ. ಬರೆದ ಹೇಳಿಕೆಯನ್ನು ಓದಿ ಹೇಳಿ, ನನ್ನಿಂದ ಸಹಿ ಮಾಡಿಸಿಕೊಂಡರು.

ಪಾಸ್‌ಪೋರ್ಟ್ ಕೈಸೇರಲು ಮತ್ತೆ ಐದು ತಿಂಗಳು ಹಿಡಿಯಿತು. ಹಡಗು ಹತ್ತಿದೆ, ಮೊಂಬಾಸದಲ್ಲಿ ಸಂಸಾರ ಹೂಡಿದೆ. ಮನೆಯಲ್ಲಿ ಅವರನ್ನು ಇಂದಿಗೂ ಹೆಸರು ಹಿಡಿದು ಕರೆಯುವುದಿಲ್ಲ. ಆದರೆ ಅಂದಿನಿಂದ ಯಾವ ಕಚೇರಿಯ ಮೇಜಿನ ಮುಂದೆಯೂ ನನ್ನ ಬಾಯಿ ಕಟ್ಟಿಲ್ಲ.