ಗುಳುಗುಳು ಅಂದಮೇಲೇ ಹೊರಡುವ ಐಸಕ್ಕ

ಬೆಳಗ್ಗೆ ಆರೂ ಹತ್ತು. ಆರೋಗ್ಯ ಕೇಂದ್ರದ ಹಿಂಬದಿ ಕೋಣೆಯಲ್ಲಿ ಟ್ಯೂಬ್‌ಲೈಟು ಎರಡು ಸಲ ಮಿಣುಕಿ ಹತ್ತಿಕೊಂಡಿದೆ. ಫ್ರೀಜರಿನಿಂದ ಆಗಷ್ಟೇ ಹೊರಬಂದ ನಾಲ್ಕು ಐಸ್ ಪ್ಯಾಕುಗಳು ಮೇಜಿನ ಮೇಲೆ ಸಾಲಾಗಿ ಮಲಗಿವೆ, ಮೈತುಂಬ ಬಿಳಿ ಪುಡಿ. ಅವುಗಳ ಎದುರು ಸ್ಟೂಲಿನ ಮೇಲೆ ಕೂತ ಐವತ್ತೆರಡರ ಹೆಂಗಸು ಏನೂ ಮಾಡುತ್ತಿಲ್ಲ, ಸುಮ್ಮನೆ ಕೂತಿದ್ದಾರೆ. ಹೊಸಬರು ನೋಡಿದರೆ ‘ಪಾಪ, ಇನ್ನೂ ನಿದ್ದೆ ಬಿಟ್ಟಿಲ್ಲ’ ಅಂದುಕೊಂಡಾರು. ಕಾಲು ಗಂಟೆ ಕಳೆದ ಮೇಲೆ ಎದ್ದು ಒಂದು ಪ್ಯಾಕನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಊಹೂಂ. ಮತ್ತೆ ಕೆಳಗಿಡುತ್ತಾರೆ.

“ಇನ್ನೂ ಬಾಯಿ ಬಿಟ್ಟಿಲ್ಲ ಇದು. ಒಳಗೆ ನೀರು ಗುಳುಗುಳು ಅನ್ಬೇಕು. ಅಲ್ಲೀವರೆಗೂ ನಾನು ಇಲ್ಲಿಂದ ಕದಲಲ್ಲ, ಡಾಕ್ಟರಮ್ಮ ಬಂದು ಕೂಗಿದ್ರೂ ಅಷ್ಟೇ.”

ಇವರು ಈ ಕೇಂದ್ರದ ಲಸಿಕೆ ನರ್ಸ್. ಹದಿನೇಳು ವರ್ಷದಿಂದ ನೀಲಿ ಬಾಕ್ಸೊಂದನ್ನು ಹೆಗಲಿಗೆ ಹಾಕಿಕೊಂಡು ಬಡಾವಣೆಯ ಬೀದಿ ಬೀದಿ ಸುತ್ತುತ್ತಿದ್ದಾರೆ. ಬಡಾವಣೆಗೆಲ್ಲ ಇವರು ಐಸಕ್ಕ. ಹೆಸರು ಬಂದದ್ದು ಮೊದಲನೇ ವಾರದಲ್ಲೇ. ಬಾಕ್ಸಿನ ಮುಚ್ಚಳ ತೆಗೆದಾಗ ತಣ್ಣನೆಯ ಹೊಗೆ ಎದ್ದದ್ದೇ ತಡ, ಬೀದಿಯ ಮಕ್ಕಳೆಲ್ಲ ಐಸ್ ಮಾರುವವಳು ಬಂದಳೆಂದು ಓಡಿ ಬಂದವಂತೆ. “ಓಡಿ ಬಂದವು, ಸೂಜಿ ನೋಡಿ ಬಂದದ್ದಕ್ಕಿಂತ ಜೋರಾಗಿ ಓಡಿಹೋದವು! ಹೆಸರು ಮಾತ್ರ ಇಲ್ಲೇ ಬಿಟ್ಟು ಹೋದವು ನೋಡಿ,” ಎಂದು ಐಸಕ್ಕ ಈಗಲೂ ಬಾಯಿತುಂಬ ನಗುತ್ತಾರೆ.

ಚಳಿಗಾಲಕ್ಕೆ ಮುಂಚಿನ ಈ ಆರು ವಾರ ಅವರಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಆರು ತಿಂಗಳು ದಾಟಿದ ಮಕ್ಕಳಿಗೂ ಬಸುರಿ ಹೆಂಗಸರಿಗೂ ಫ್ಲೂ ಲಸಿಕೆ ಹಾಕುವ ಕಾಲ ಇದು. ದಿನಕ್ಕೆ ಮೂವತ್ತರಿಂದ ನಲವತ್ತು ಜನ. ಲಿಫ್ಟಿಲ್ಲದ ಕಟ್ಟಡಗಳೇ ಹೆಚ್ಚು. ಒಂದು ದಿನ ಹಟಕ್ಕೆ ಬಿದ್ದು ಮೆಟ್ಟಿಲು ಎಣಿಸಿದರಂತೆ, ಆರುನೂರ ಹದಿನಾಲ್ಕು. ಆಮೇಲೆ ಎಣಿಸುವುದನ್ನೇ ಬಿಟ್ಟುಬಿಟ್ಟರು. ಎಣಿಸಿದರೆ ಮಂಡಿನೋವು ಜಾಸ್ತಿಯಾಗುತ್ತದೆ ಎಂಬುದು ಅವರ ವಾದ. ಡಾಕ್ಟರಮ್ಮ ಇದನ್ನು ಒಪ್ಪುವುದಿಲ್ಲ, ಐಸಕ್ಕ ಬಿಡುವುದಿಲ್ಲ.

ಇಷ್ಟೆಲ್ಲ ಅವಸರದ ನಡುವೆ ಬೆಳಗಿನ ಈ ಕಾಯುವಿಕೆ ಯಾಕೆ? ಲಸಿಕೆಗೆ ತಂಪು ಬೇಕು, ಆದರೆ ಹೆಪ್ಪುಗಟ್ಟುವಷ್ಟು ತಂಪು ಬೇಡ. ಕಲ್ಲಿನಂತಿರುವ ಪ್ಯಾಕನ್ನು ಹಾಗೇ ತಂದು ಬಾಕ್ಸಿನಲ್ಲಿಟ್ಟರೆ ಪಕ್ಕದ ಸೀಸೆ ಹೆಪ್ಪುಗಟ್ಟಿ ಲಸಿಕೆಯ ಶಕ್ತಿಯೆಲ್ಲ ಹೋಗುತ್ತದೆ. ಹಾಗಾಗಿ ಪ್ಯಾಕು ಹೊರಗೆ ಕೂತು ಬೆವರಬೇಕು, ಒಳಗೆ ಒಂದಿಷ್ಟು ನೀರಾಗಬೇಕು, ಅಲ್ಲಾಡಿಸಿದರೆ ಸದ್ದು ಕೇಳಬೇಕು. ಇದಕ್ಕೆ ಇಪ್ಪತ್ತು ನಿಮಿಷವಾದರೂ ಬೇಕು, ಒಮ್ಮೊಮ್ಮೆ ಅರ್ಧ ಗಂಟೆಗೂ ಮೇಲೆ. ಮನೆಯಲ್ಲಿರುವ ಅತ್ತೆಗೆ ಇದೊಂದು ದೊಡ್ಡ ತಮಾಷೆ. ಎಂಬತ್ತರ ಆ ಅಜ್ಜಿ ನೆರೆಹೊರೆಯವರ ಮುಂದೆ ಸೊಸೆಯ ಮಾನ ತೆಗೆಯುತ್ತಲೇ ಇರುತ್ತಾರೆ. “ಮನೇಲಿ ದಿನಾ ಹಾಲು ಉಕ್ಕಿಸ್ತಾಳೆ ನಮ್ಮ ಮಹಾರಾಣಿ. ಅಲ್ಲಿ ಹೋಗಿ ನೀರಿಗೆ ಕಾವಲು ಕೂರ್ತಾಳೆ!”

ಆರೂ ಮುಕ್ಕಾಲಿಗೆ ಪ್ಯಾಕು ಗುಳುಗುಳು ಅನ್ನುತ್ತದೆ. ಐಸಕ್ಕ ನಾಲ್ಕನ್ನೂ ಒಂದೊಂದಾಗಿ ಕೇಳಿಸಿಕೊಂಡು, ಬಟ್ಟೆಯಲ್ಲಿ ಒರೆಸಿ, ಬಾಕ್ಸಿನ ನಾಲ್ಕು ಗೋಡೆಗೆ ನಿಲ್ಲಿಸುತ್ತಾರೆ. ನಡುವೆ ಸೀಸೆಗಳು, ಪುಟ್ಟ ಥರ್ಮಾಮೀಟರು, ಒಂದು ಚಪ್ಪಟೆ ಬಿಲ್ಲೆ. ಒಳಗಿನದು ಹೆಪ್ಪುಗಟ್ಟಿದರೆ ಈ ಬಿಲ್ಲೆಯ ಮೇಲೆ ಇಂಟು ಗುರುತು ಮೂಡುತ್ತದೆ. ಆಮೇಲೆ ಅವತ್ತಿನ ಪಟ್ಟಿ ತೆಗೆಯುತ್ತಾರೆ. ಗುರುವಾರದ ಪಟ್ಟಿಯಲ್ಲಿ ಹತ್ತೊಂಬತ್ತು ಮಕ್ಕಳು, ಹನ್ನೆರಡು ಬಸುರಿಯರು. ಕೊನೆಯ ಸಾಲಿನಲ್ಲಿ ಹೆಸರಿನ ಬದಲು ‘ಟೈಲರ್’ ಎಂದಷ್ಟೇ ಇದೆ, ಪಕ್ಕದಲ್ಲಿ ಪೆನ್ಸಿಲಿನ ಪ್ರಶ್ನಾರ್ಥಕ ಚಿಹ್ನೆ. ಆ ಸಾಲಿನ ಮೇಲೆ ಐಸಕ್ಕ ಒಂದು ಗಳಿಗೆ ಬೆರಳಿಟ್ಟು ನಿಲ್ಲುತ್ತಾರೆ.

ಮೊದಲ ಮನೆಯಲ್ಲೇ ಎಂದಿನ ಪ್ರಶ್ನೆ. ಐದು ತಿಂಗಳ ಬಸುರಿಯೊಬ್ಬಳು, ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು, ತೋಳು ಮಡಚಿಕೊಂಡು ಗೋಡೆಗೆ ಒರಗಿ ನಿಂತುಬಿಟ್ಟಿದ್ದಾಳೆ.

“ಅಕ್ಕಾ, ನಂಗೇನಾದ್ರೂ ಪರವಾಗಿಲ್ಲ, ಒಳಗಿರೋ ಕೂಸಿಗೆ ಏನಾದ್ರೂ ಆದ್ರೆ?”

“ಒಳಗಿರೋ ಕೂಸಿಗೋಸ್ಕರಾನೇ ಕಣೇ ನಾನು ಬಂದಿರೋದು,” ಎಂದು ಐಸಕ್ಕ ಅಲ್ಲೇ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಅವಸರವೇ ಇಲ್ಲವೇನೋ ಎಂಬಂತೆ ಕೂರುವುದು ಅವರ ಅಭ್ಯಾಸ. “ಹುಟ್ಟಿದ ಮೇಲೆ ಆರು ತಿಂಗಳು ಅದಕ್ಕೆ ನಾನು ಈ ಸೂಜಿ ಹಾಕೋ ಹಾಗಿಲ್ಲ. ಅಷ್ಟು ದಿನ ಅದನ್ನ ಕಾಯೋರು ಯಾರು ಹೇಳು? ನೀನೀಗ ಹಾಕಿಸ್ಕೊಂಡ್ರೆ ನಿನ್ನ ಮೈಯಲ್ಲಿ ಹುಟ್ಟೋ ಬಲ ಒಳಗಿರುವಾಗಲೇ ಅದಕ್ಕೂ ಹೋಗುತ್ತೆ. ನಿಂಗೆ ಒಂದೆರಡು ದಿನ ತೋಳು ನೋಯುತ್ತೆ, ಸ್ವಲ್ಪ ಮೈ ಬೆಚ್ಚಗಾದ್ರೂ ಆಗ್ಬಹುದು. ಬಸುರಿಗೆ ನಿಜವಾದ ಫ್ಲೂ ಹಿಡಿದ್ರೆ ಮಾತ್ರ ಹುಡುಗಾಟ ಅಲ್ಲ ತಾಯಿ.”

“ಆಮೇಲೆ ಇಸ್ತ್ರಿ ಮಾಡಬಹುದಾ?”

“ಮಾಡ್ಬಹುದು. ಆದ್ರೆ ಮಾಡಬಾರ್ದು ಅಂದ್ರು ಅಂತ ಗಂಡಂಗೆ ಹೇಳು, ನಾನೇನು ಬಂದು ಇಲ್ಲ ಅನ್ನಲ್ಲ.”

ಆ ನಗುವಿನಲ್ಲೇ ಸೂಜಿ ಒಳಗೆ ಹೋಗಿ ಹೊರಗೆ ಬಂದಿರುತ್ತದೆ. ಹೀಗೆ ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೆರಡು ಮಂದಿ. ಮೂವರು ಮಕ್ಕಳು ಒದ್ದಿದ್ದಾರೆ, ಒಂದು ಕಚ್ಚಿದೆ. ಕಚ್ಚಿದ ಜಾಗವನ್ನು ಐಸಕ್ಕ ಪದಕದಂತೆ ತೋರಿಸುತ್ತಾರೆ. “ಹಲ್ಲು ಗಟ್ಟಿಯಾಗಿದೆ, ಮಗು ಚೆನ್ನಾಗಿದೆ.”

ಊಟದ ಡಬ್ಬಿ ಬಿಚ್ಚಿ ಕೂತಾಗ ಟೈಲರ್ ವಿಷಯ ಬರುತ್ತದೆ. ತಾವಾಗಿಯೇ ಹೇಳುತ್ತಾರೆ. ಈ ಹದಿನೇಳು ವರ್ಷದಲ್ಲಿ ಇದೊಂದನ್ನು ಮುಚ್ಚಿಟ್ಟು ಬರೆಯುವುದಾದರೆ ತಮ್ಮ ಬಗ್ಗೆ ಬರೆಯುವುದೇ ಬೇಡ ಎಂಬುದು ಅವರ ಷರತ್ತು.

ಹೋದ ವರ್ಷ, ಇದೇ ಕಾಲ. ಅವತ್ತು ಕೇಂದ್ರದ ಬಾಗಿಲಲ್ಲಿ ಏಳು ಗಂಟೆಗೇ ಜನ ಸೇರಿದ್ದರು, ಕೂಗಾಟ ಬೇರೆ. ಐಸಕ್ಕ ಪ್ಯಾಕುಗಳನ್ನು ಫ್ರೀಜರಿನಿಂದ ತೆಗೆದವರೇ ಬಿಳಿ ಪುಡಿಯ ಸಮೇತ ಬಾಕ್ಸಿಗೆ ತುರುಕಿ ಹೊರಟುಬಿಟ್ಟರು. ಹನ್ನೊಂದು ಮಂದಿಗೆ ಸೂಜಿ ಹಾಕಿಯಾಗಿತ್ತು. ಟೀ ಕುಡಿಯುವ ಹೊತ್ತಿಗೆ ಬಿಲ್ಲೆ ತೆಗೆದು ನೋಡುತ್ತಾರೆ, ಇಂಟು ಗುರುತು!

“ಇಪ್ಪತ್ತು ನಿಮಿಷ ಉಳಿಸೋಕೆ ಹೋಗಿ ಹನ್ನೊಂದು ಜನರ ಚಳಿಗಾಲ ಹಾಳು ಮಾಡ್ಬಿಟ್ನಲ್ಲಾ ಅನ್ನಿಸ್ತು. ಆ ಸೂಜಿಯಿಂದ ಕೆಟ್ಟದ್ದೇನೂ ಆಗಲ್ಲ. ಒಳ್ಳೇದೂ ಆಗಲ್ಲ. ನಾನು ಬಾಯಿ ಮುಚ್ಕೊಂಡಿದ್ರೆ ಯಾರಿಗೂ ಗೊತ್ತೇ ಆಗ್ತಿರ್ಲಿಲ್ಲ.”

ಬಾಯಿ ಮುಚ್ಚಿಕೊಳ್ಳಲಿಲ್ಲ. ಮಿಕ್ಕ ಸೀಸೆಗಳನ್ನೆಲ್ಲ ಪಕ್ಕಕ್ಕಿಟ್ಟು ಸೀದಾ ಡಾಕ್ಟರಮ್ಮನ ಕೋಣೆಗೆ ಹೋದರು. ಹನ್ನೊಂದು ಮಂದಿಗೂ ಮತ್ತೆ ಹಾಕಬೇಕು ಎಂದ ಡಾಕ್ಟರಮ್ಮ, ವಿಷಯವನ್ನು ಮನೆಯವರಿಗೆ ತಾವೇ ತಿಳಿಸುವುದಾಗಿ ಹೇಳಿದರು. ಐಸಕ್ಕ ಒಪ್ಪಲಿಲ್ಲ. “ಕೈ ನಂದು, ಬಾಯೂ ನಂದೇ ಇರ್ಲಿ,” ಎಂದರು.

ಎರಡು ದಿನ ಮನೆ ಮನೆ ಹತ್ತಿಳಿದರು. ಏನಾಯಿತು, ಎಲ್ಲಿ ಅವಸರ ಮಾಡಿದೆ, ಪ್ಯಾಕು ಅಲ್ಲಾಡಿಸದೆ ಹೇಗೆ ಹೊರಟೆ, ಎಲ್ಲವನ್ನೂ ಬಿಡಿಸಿ ಹೇಳಿದರು. ಕೆಲವರು ಬೈದರು, ಒಬ್ಬರು ನೀರು ಕೊಟ್ಟರು. ಹತ್ತು ಮನೆಯವರು ಮತ್ತೆ ಹಾಕಿಸಿಕೊಂಡರು. ಹನ್ನೊಂದನೆಯದು ಈ ಟೈಲರಮ್ಮನ ಮನೆ. ಆಕೆಯ ಮೂರು ವರ್ಷದ ಮಗಳಿಗೆ ಅದು ಮೊದಲ ಫ್ಲೂ ಸೂಜಿ. “ನನ್ನ ಮಗಳೇನು ನಿಮ್ಮ ಪಿನ್ನು ಚುಚ್ಚೋ ದಿಂಬಾ?” ಎಂದವಳೇ ಬಾಗಿಲು ಹಾಕಿಕೊಂಡಳು.

ಒಂದೂವರೆ ತಿಂಗಳಿಗೆ ಮಗುವಿಗೆ ಫ್ಲೂ ಹಿಡಿಯಿತು. ಉಸಿರಿಗೆ ಕಷ್ಟವಾಗಿ ಆರು ದಿನ ಆಸ್ಪತ್ರೆಯಲ್ಲಿತ್ತು. ಐಸಕ್ಕ ಆರು ಸಂಜೆಯೂ ವಾರ್ಡಿನ ಬಾಗಿಲ ತನಕ ಹೋಗಿ, ಮಗು ಹೇಗಿದೆ ಎಂದು ಅಲ್ಲಿಯ ನರ್ಸನ್ನು ಕೇಳಿಕೊಂಡು ವಾಪಸು ಬರುತ್ತಿದ್ದರು. ಒಳಗೆ ಹೋಗುವ ಧೈರ್ಯ ಬರಲಿಲ್ಲ. ಮಗು ಹುಷಾರಾಗಿ ಮನೆಗೆ ಬಂತು. ತಾಯಿ ಮಾತ್ರ ಬೀದಿಯಲ್ಲಿ ಎದುರಾದರೂ ಮುಖ ತಿರುಗಿಸುತ್ತಿದ್ದಳು.

“ಅವಳದ್ದೇನೂ ತಪ್ಪಿಲ್ಲ. ನಾನಾಗಿದ್ರೂ ಹಂಗೇ ಮಾಡ್ತಿದ್ದೆ,” ಎನ್ನುತ್ತ ಐಸಕ್ಕ ಡಬ್ಬಿಯ ಮುಚ್ಚಳ ಹಾಕುತ್ತಾರೆ. ಅರ್ಧ ಊಟ ಹಾಗೇ ಉಳಿದಿದೆ. “ಈಗ ಅವಳಿಗೆ ಏಳು ತಿಂಗಳು. ಮಗು ಹುಟ್ಟೋದೇ ನಡು ಚಳಿಗಾಲದಲ್ಲಿ. ನನ್ನ ಮೇಲಿನ ಕೋಪಕ್ಕೆ ಅವಳು ಸೂಜಿ ಬಿಟ್ರೆ ಆ ಪುಟ್ಟ ಜೀವಕ್ಕೆ ಕಾವಲೇ ಇಲ್ಲ. ನನ್ನನ್ನ ಎಷ್ಟು ಬೇಕಾದ್ರೂ ಬೈಲಿ, ಬೇರೆ ನರ್ಸ್ ಹತ್ರ ಬೇಕಾದ್ರೂ ಹಾಕಿಸ್ಕೊಳ್ಲಿ. ಹಾಕಿಸ್ಕೊಂಡ್ರೆ ಸಾಕು.”

ಸಂಜೆ ನಾಲ್ಕಕ್ಕೆ ಆ ಮನೆ. ನೆಲಮಾಳಿಗೆಯ ಒಂದೇ ಕೋಣೆ, ಕಿಟಕಿಯ ಕೆಳಗೆ ಹೊಲಿಗೆ ಯಂತ್ರ, ನೆಲದ ತುಂಬ ದಾರದ ಚೂರು. ಟೈಲರಮ್ಮ ಹಸಿರು ಬಟ್ಟೆಯೊಂದನ್ನು ಹೊಲಿಯುತ್ತಿದ್ದಾಳೆ. ಇದು ಐಸಕ್ಕನ ಮೂರನೇ ಭೇಟಿ. ಮೊದಲ ಸಲ ಬಾಗಿಲು ತೆರೆದಿರಲಿಲ್ಲ, ಎರಡನೇ ಸಲ ‘ನೋಡೋಣ’ ಅಂದಿದ್ದಳು. ಈ ಸಲ ಯಂತ್ರ ನಿಲ್ಲಿಸದೆಯೇ ಕೇಳುತ್ತಾಳೆ.

“ಬೆಳಗ್ಗೆ ಎಷ್ಟು ಹೊತ್ತಿಗೆ ಡಬ್ಬಿ ತುಂಬ್ತೀರಾ?”

“ಆರು, ಆರೂ ಹತ್ತಕ್ಕೆ ಶುರು.”

“ಹೂಂ,” ಎನ್ನುತ್ತಾಳೆ. ಅಷ್ಟೇ. ಐಸಕ್ಕ ಎರಡು ನಿಮಿಷ ನಿಂತು, ಮಂಚದ ಕೆಳಗಿನಿಂದ ಇಣುಕುತ್ತಿದ್ದ ಮಗಳಿಗೆ ಕೈ ಬೀಸಿ, ಮೆಟ್ಟಿಲು ಹತ್ತುತ್ತಾರೆ. ದಾರಿಯುದ್ದಕ್ಕೂ ಅವರ ಬಾಯಲ್ಲಿ ಒಂದೇ ಮಾತು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಶುಕ್ರವಾರ. ಆರೂ ಹತ್ತು. ಅದೇ ಕೋಣೆ, ಅದೇ ಟ್ಯೂಬ್‌ಲೈಟು. ಐಸಕ್ಕ ನಾಲ್ಕು ಪ್ಯಾಕುಗಳನ್ನು ಮೇಜಿಗೆ ಹಾಕಿ ಸ್ಟೂಲಿನ ಮೇಲೆ ಕೂರುವಷ್ಟರಲ್ಲಿ ಬಾಗಿಲು ಬಡಿದ ಸದ್ದು. ಹೊಟ್ಟೆ ಮುಂದು ಮಾಡಿಕೊಂಡು, ಮಗಳ ಕೈ ಹಿಡಿದು ಟೈಲರಮ್ಮ ನಿಂತಿದ್ದಾಳೆ. ಮೇಲೆ ದಪ್ಪ ಶಾಲು.

“ಬಂದೆ ಅಂತ ಹಾಕಿಸ್ಕೊಂಡ್ಬಿಡ್ತೀನಿ ಅನ್ಕೋಬೇಡಿ. ಮೊದ್ಲು ನೋಡ್ತೀನಿ.”

“ನೋಡಮ್ಮಾ, ಎಷ್ಟು ಬೇಕಾದ್ರೂ ನೋಡು,” ಎಂದು ಐಸಕ್ಕ ತಮ್ಮ ಸ್ಟೂಲನ್ನೇ ಅವಳತ್ತ ತಳ್ಳಿ ತಾವು ನಿಂತುಕೊಳ್ಳುತ್ತಾರೆ.

ಮೂವರೂ ಐಸಿನ ಮುಂದೆ ಕಾಯುತ್ತಾರೆ. ಐದು ನಿಮಿಷ, ಹತ್ತು ನಿಮಿಷ. ಹದಿನೈದನೇ ನಿಮಿಷಕ್ಕೆ ಟೈಲರಮ್ಮ ಕೈ ಚಾಚಿ ಒಂದು ಪ್ಯಾಕು ಎತ್ತಿ ಅಲ್ಲಾಡಿಸುತ್ತಾಳೆ. ಏನೂ ಇಲ್ಲ. ಐಸಕ್ಕನ ಮುಖ ನೋಡುತ್ತಾಳೆ.

“ಇಲ್ಲ ಕಣಮ್ಮಾ, ಇನ್ನೂ ಆಗಿಲ್ಲ. ಕಾಯ್ಬೇಕು.”

ಹೊರಗೆ ಯಾರೋ ‘ಸಿಸ್ಟರ್, ಎಷ್ಟು ಹೊತ್ತು?’ ಎಂದು ಕೂಗುತ್ತಾರೆ. “ಇನ್ನೂ ಹತ್ತು ನಿಮಿಷ!” ಎಂದು ಉತ್ತರ ಹೋಗುತ್ತದೆ, ಐಸಕ್ಕನ ಬಾಯಿಂದಲ್ಲ, ಟೈಲರಮ್ಮನ ಬಾಯಿಂದ. ಅಂದಮೇಲೆ ಅವಳಿಗೇ ನಗು ತಡೆಯಲಾಗುವುದಿಲ್ಲ. ಐಸಕ್ಕನೂ ನಗುತ್ತಾರೆ, ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಾರೆ.

ಪ್ಯಾಕುಗಳು ಬೆವರುತ್ತವೆ. ಈಗ ನಾಲ್ಕು ವರ್ಷದ ಆ ಹುಡುಗಿ ಎರಡೂ ಕೈಯಲ್ಲಿ ಒಂದನ್ನು ಎತ್ತಿ, ಕಿವಿಗೆ ಒತ್ತಿ ಹಿಡಿದು, ಇಡೀ ಮೈಯನ್ನೇ ಅಲ್ಲಾಡಿಸುತ್ತಾಳೆ. “ಅಮ್ಮಾ, ನೀರು! ಒಳಗೆ ನೀರಿದೆ!” ನಾಲ್ಕನ್ನೂ ಅವಳೇ ಪರೀಕ್ಷೆ ಮಾಡಿ ಪಾಸು ಮಾಡುತ್ತಾಳೆ. ನಿನಗೂ ಇವತ್ತೊಂದು ಸೂಜಿ, ಮೊದಲ ಸಲವಾದ್ದರಿಂದ ತಿಂಗಳು ಬಿಟ್ಟು ಇನ್ನೊಂದು ಎಂದು ಐಸಕ್ಕ ಹೇಳಿದ್ದೇ ತಡ, ಪರೀಕ್ಷಕಿ ಅಮ್ಮನ ಹಿಂದೆ ಅಡಗುತ್ತಾಳೆ. “ಮೊದ್ಲು ಅಮ್ಮಂಗೆ!”

ಬಾಕ್ಸು ತುಂಬಿ, ಡಾಕ್ಟರಮ್ಮ ಬಂದು ನೋಡಿದ ಮೇಲೆ, ಟೈಲರಮ್ಮ ಕುರ್ಚಿಯಲ್ಲಿ ಕೂತು ಶಾಲು ತೆಗೆಯುತ್ತಾಳೆ. ನಿನ್ನೆ ಯಂತ್ರದ ಮೇಲಿದ್ದ ಹಸಿರು ಬಟ್ಟೆ ಇವತ್ತು ಅವಳ ಮೈಮೇಲೆ ಅಂಗಿಯಾಗಿದೆ. ಎಡ ತೋಳಿನಲ್ಲಿ ಭುಜದಿಂದ ಕೆಳಗೆ ಸೀಳು, ಅದಕ್ಕೆ ನಾಲ್ಕು ಟಿಚ್ ಬಟನ್. ಟಕ್, ಟಕ್, ಟಕ್, ಟಕ್. ತೋಳು ತೆರೆದುಕೊಳ್ಳುತ್ತದೆ.

ಐಸಕ್ಕನ ಕೈಯಲ್ಲಿದ್ದ ಹತ್ತಿ ಅಲ್ಲೇ ನಿಲ್ಲುತ್ತದೆ. “ಇದನ್ನ ಯಾವಾಗ ಹೊಲಿಯೋಕೆ ಶುರು ಮಾಡ್ದೆ?”

“ನೀವು ಎರಡನೇ ಸಲ ಬಂದು ಹೋದ್ರಲ್ಲಾ, ಅವತ್ತೇ,” ಎನ್ನುತ್ತಾಳೆ ಅವಳು ಗೋಡೆ ನೋಡುತ್ತ. “ಸಿಟ್ಟು ಇನ್ನೂ ಇದೆ ಅಕ್ಕಾ. ಆದ್ರೆ ಹೋದ ವರ್ಷ ನೀವೇ ಬಂದು ಹೇಳಿದ್ರಿ. ಹೇಳ್ದೇನೂ ಇರಬಹುದಿತ್ತು.”

ಸೂಜಿ ಒಳಗೆ ಹೋಗಿ ಹೊರಗೆ ಬರುತ್ತದೆ. ಬಟನ್ನುಗಳು ಮತ್ತೆ ಟಕ್ ಟಕ್ ಎಂದು ಮುಚ್ಚಿಕೊಳ್ಳುತ್ತವೆ. ಮಗಳ ಸರದಿಯಲ್ಲಿ ಅಳುವಿಗೆ ಕೇಂದ್ರದ ಗಾಜೆಲ್ಲ ನಡುಗುತ್ತದೆ. ತಾಯಿ ಮಗಳು ಹೋದ ಮೇಲೆ ಐಸಕ್ಕ ನಿನ್ನೆಯ ಪಟ್ಟಿಯ ಕೊನೆಯ ಸಾಲಿನ ಪ್ರಶ್ನಾರ್ಥಕ ಚಿಹ್ನೆಯನ್ನು ರಬ್ಬರಿನಿಂದ ಉಜ್ಜಿ, ಊದಿ, ಪೆನ್ನಿನಲ್ಲಿ ಸರಿ ಗುರುತು ಹಾಕುತ್ತಾರೆ. ಬಾಕ್ಸು ಹೆಗಲಿಗೇರುತ್ತದೆ. ಹೊರಗೆ ಕಾಯುತ್ತಿರುವವರು ಗೊಣಗುತ್ತಿದ್ದಾರೆ, ಇಂದಿನ ಪಟ್ಟಿಯಲ್ಲಿ ಇನ್ನೂ ಮೂವತ್ತನಾಲ್ಕು ಹೆಸರಿವೆ.

ಇಷ್ಟು ವರ್ಷದಲ್ಲಿ ನಿಮಗೆ ಅಂತ ಏನಾದರೂ ಆಸೆ ಇದೆಯಾ ಎಂದು ಕೇಳಿದರೆ, ಮೊದಲು ಮಂಡಿಯ ಬಗ್ಗೆ ಏನೋ ಹೇಳಲು ಹೋಗುತ್ತಾರೆ. ಆಮೇಲೆ ಅದನ್ನು ಬಿಟ್ಟು ಬೇರೆ ಹೇಳುತ್ತಾರೆ.

“ಅವಳ ಹೊಟ್ಟೇಲಿರೋದು ಹುಟ್ಟಿ ಆರು ತಿಂಗಳು ತುಂಬ್ಲಿ. ಅದರ ತೊಡೆಗೆ ಫ್ಲೂ ಸೂಜಿ ನಾನೇ ಹಾಕ್ಬೇಕು. ಅತ್ತು ಬೀದಿ ಒಂದು ಮಾಡ್ಲಿ, ಒದೀಲಿ, ಹಲ್ಲು ಬಂದಿದ್ರೆ ಕಚ್ಚಲಿ. ಅವತ್ತು ಇಪ್ಪತ್ತು ನಿಮಿಷ ಮೊದಲೇ ಬಂದು ಐಸಿನ ಮುಂದೆ ಕೂತಿರ್ತೀನಿ.”