ತಿದ್ದಿದ ಪ್ರತಿ

ನಮ್ಮ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದವನನ್ನು ಎಲ್ಲರೂ ಪ್ರೂಫಣ್ಣ ಎಂದೇ ಕರೆಯುತ್ತಿದ್ದೆವು. ಹದಿನೆಂಟು ವರ್ಷ ನನ್ನ ಎದುರು ಮೇಜಿನಲ್ಲಿ ಕೂತವನು. ಕಿವಿಯಲ್ಲಿ ಯಾರೋ ಬೈದಂತಾಗುವ ಕಾಯಿಲೆ ಅವನಿಗೆ ಹಳೆಯದು. ಬೆಳಗ್ಗೆ ಒಂದು, ಸಂಜೆ ಎರಡು ಮಾತ್ರೆಗೆ ಅದು ಬಾಯಿ ಮುಚ್ಚಿಕೊಂಡು ಬಿದ್ದಿತ್ತು. ತಪ್ಪು ಹಿಡಿಯುವುದರಲ್ಲಿ ಅವನದು ಎತ್ತಿದ ಕೈ. ಮದುವೆ ಕಾಗದದಲ್ಲಿ ವರನ ಜಾಗದಲ್ಲಿ ಮಾವನ ಹೆಸರು ಬಿದ್ದದ್ದನ್ನು ಕಂಡು ಒಂದು ಸಂಸಾರವನ್ನೇ ಉಳಿಸಿದ್ದ. ಆ ಮೇಜೇ ಅವನ ಜೀವ.

ಒಂದು ದಿನ ಹೆಸರಾಂತ ನಟನೊಬ್ಬ ಬಂದ. ಮಾನಸಿಕ ರೋಗಿಯ ಪಾತ್ರವಂತೆ, ಅಂಥವರೊಬ್ಬರನ್ನು ಹತ್ತಿರದಿಂದ ನೋಡಬೇಕಂತೆ. ಮಾಲೀಕರು ಹಲ್ಲುಗಿಂಜಿದರು. ನಾನೂ ಕುರ್ಚಿ ಒರೆಸಿ ಕೊಟ್ಟೆ. ಈಗ ನೆನೆದರೆ ನನ್ನ ಮೇಲೆ ನನಗೇ ಅಸಹ್ಯ. ಹದಿನೈದು ದಿನ ಆ ಮಹಾನುಭಾವ ಪ್ರೂಫಣ್ಣನನ್ನೇ ದಿಟ್ಟಿಸಿದ. ಯೋಚನೆಗೆ ಬಿದ್ದಾಗ ಪ್ರೂಫಣ್ಣ ಗಾಳಿಯಲ್ಲಿ ಬೆರಳಿನಿಂದ ಸುರುಳಿ ಬರೆಯುತ್ತಿದ್ದ. ‘ಇದನ್ನು ತೆಗೆ’ ಎನ್ನುವ ನಮ್ಮ ಕಸುಬಿನ ಗುರುತು ಅದು, ಅಷ್ಟೇ. ಸಿನಿಮಾದಲ್ಲಿ ಅದೇ ಹುಚ್ಚಿನ ಲಕ್ಷಣವಾಯಿತು.

ಸಿನಿಮಾಕ್ಕೆ ಅವನನ್ನು ಕರೆದೊಯ್ದವನೂ ನಾನೇ. ಪರದೆಯ ಮೇಲೆ ಅವನದೇ ನಡಿಗೆ, ಅವನದೇ ತೊದಲು, ಅದೇ ಸುರುಳಿ. ಕೊನೆಗೆ ನಾಯಕ ಮಾತ್ರೆಗಳನ್ನೆಲ್ಲ ನದಿಗೆಸೆದು, ಅಮ್ಮನನ್ನು ತಬ್ಬಿಕೊಂಡು ಗುಣವಾಗಿಬಿಟ್ಟ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಮೂರು ವಾರಕ್ಕೆ ಪ್ರೂಫಣ್ಣ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಕೂರತೊಡಗಿದ. ಅವನ ಅಕ್ಕ ಮನೆಯ ಬೀರು ತೆಗೆದು ತೋರಿಸಿದರು. ಮಾತ್ರೆಗಳು ಹಾಗೇ ಇದ್ದವು. ಒಂದೊಂದು ಮಾತ್ರೆಪಟ್ಟಿಯ ಮೇಲೂ ಕೆಂಪು ಶಾಯಿಯ ಸುರುಳಿ.

“ಯಾಕಣ್ಣ ನಿಲ್ಲಿಸ್ದೆ?” ಎಂದೆ.

“ನನ್ನ ತಿದ್ದಿದ ಪ್ರತಿ ಪರದೆ ಮೇಲೆ ನೀನೂ ನೋಡಿದ್ಯಲ್ಲೋ. ಅದ್ರಲ್ಲಿ ಮಾತ್ರೆ ತೆಗ್ದಿದಾರೆ. ಹಳೇ ಪ್ರತಿ ಹಿಡ್ಕೊಂಡು ಯಾಕೋ ತಲೆ ತಿಂತೀಯ?”

ಪ್ರೆಸ್ಸಿನಲ್ಲಿ ತಿದ್ದಿದ ಪ್ರತಿಯೇ ಕೊನೆಯ ಮಾತು. ನನಗೆ ಅದನ್ನು ಕಲಿಸಿದವನೇ ಅವನು.

ಆಸ್ಪತ್ರೆಗೆ ಸೇರಿಸಿದೆವು. ನಟನಿಗೆ ಪ್ರಶಸ್ತಿ ಬಂದ ಸುದ್ದಿ ಒಂದು ಮಧ್ಯಾಹ್ನ ವಾರ್ಡಿನ ಟೀವಿಯಲ್ಲೇ ಬಂತು. ಆ ಬೆರಳಿನ ಚಲನೆ ಎಲ್ಲಿಂದ ಹೊಳೆಯಿತೆಂದು ಯಾರೋ ಕೇಳಿದರು. “ನನ್ನೊಳಗಿಂದ ಬಂತು,” ಎಂದ, ಕಣ್ಣೊರೆಸಿಕೊಂಡು. ಟೀವಿ ಆರಿಸೋಣವೆಂದು ನಾನು ಎದ್ದೆ.

ಪ್ರೂಫಣ್ಣ ಮಾತ್ರ ಮುಖ ಅರಳಿಸಿ ನನ್ನ ಕೈ ಹಿಡಿದ. “ಬಹುಮಾನ ಬಂತು ನೋಡೋ! ಅಂದ್ರೆ ನಂಗೆ ಗುಣ ಆಯ್ತು ಅಂತ ಎಲ್ಲರೂ ಒಪ್ಕೊಂಡಂಗೆ. ಸೋಮವಾರದಿಂದ ಬರ್ತೀನಿ ಅಂತ ಮಾಲೀಕರಿಗೆ ಹೇಳ್ಬಿಡು.”

ಸಿನಿಮಾ ನೋಡಿದ ಗಿರಾಕಿಗಳು ಹೆದರುತ್ತಾರೆಂದು ಮಾಲೀಕರು ಹಿಂದಿನ ವಾರವೇ ಅವನ ಮೇಜಿಗೆ ಬೇರೊಬ್ಬರನ್ನು ಕೂರಿಸಿದ್ದರು.

“ಹೇಳ್ತೀನಣ್ಣ,” ಎಂದೆ.